ಕತ್ತಾಳೆ ಬೇಲಿಯ ಸೀಮೆಯಲ್ಲಿ ಟಕೀಲಾ: ಕುಡಿಯುವ ಬಗೆ, ಬೆರೆಸುವ ಬಗೆ

ಚಳ್ಳಕೆರೆ ಕಡೆ ನಮ್ಮ ಸೋದರಮಾವನ ಹೊಲದ ಬದುವಿನ ಮೇಲೆ ಕತ್ತಾಳೆಯ ಸಾಲೊಂದಿದೆ. ದನ ನುಗ್ಗದಿರಲಿ ಎಂದು ಅವರ ಅಪ್ಪನ ಕಾಲದಲ್ಲಿ ನೆಟ್ಟದ್ದು. ಮಳೆ ಕೈಕೊಟ್ಟ ವರ್ಷ ಶೇಂಗಾ ಒಣಗುತ್ತದೆ, ಆ ಸಾಲು ಒಣಗುವುದಿಲ್ಲ. ಹೋದ ದೀಪಾವಳಿಗೆ ಮಾವ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. ರಾತ್ರಿ ಊಟಕ್ಕೆ ಮುಂಚೆ ನಾನು ಟಕೀಲಾ ಎಂಬ ಮೆಕ್ಸಿಕೋದ ಮದ್ಯದ ಬಾಟಲಿ ತೆಗೆದಾಗ ಲೇಬಲ್ಲಿನ ಚಿತ್ರ ನೋಡಿ, "ಏನಪ್ಪ, ಇದು ನಮ್ ಬೇಲಿ ಕತ್ತಾಳೆ ಅಲ್ವೇನೋ?" ಅಂದರು. "ಅದೇ ಕುಲದ್ದು ಮಾವ, ಜಾತಿ ಬೇರೆ" ಅಂದೆ. ಲೋಟವನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಮೂಸಿದರು. "ಪಟ್ಟೆ ಕೊಯ್ದಾಗ ಬರೋ ವಾಸ್ನೆ ಐತಲ್ಲೋ" ಅಂದರು.

ಟಕೀಲಾ ಬಗ್ಗೆ ಇಷ್ಟು ನೇರವಾದ ಮಾತನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ. ನಮ್ಮೂರ ಬಾರುಗಳಲ್ಲಿ ಅದನ್ನು ಮೂಸಿ ಕುಡಿಯುವವರು ಕಡಿಮೆ. ಉಪ್ಪು ನೆಕ್ಕು, ಒಂದೇ ಗುಟುಕಿಗೆ ಇಳಿಸು, ನಿಂಬೆ ಕಚ್ಚು, ಮತ್ತೊಂದು ಹೇಳು. ನಾನೂ ಹಾಗೇ ಶುರುಮಾಡಿದವನು. ಗೆಳೆಯನ ಮದುವೆಯ ಹಿಂದಿನ ರಾತ್ರಿ ಹತ್ತು ನಿಮಿಷದಲ್ಲಿ ಮೂರು ಇಳಿಸಿ, ಮರುದಿನ ಧಾರೆಯ ಹೊತ್ತಿಗೆ ಮಂಟಪದಲ್ಲಿ ಇರಲಾಗಲಿಲ್ಲ. ಆ ನೋವು ಇನ್ನೂ ಇದೆ. ಪಾನೀಯದ ರುಚಿ ಏನೆಂದು ಆ ಮೂರರಲ್ಲಿ ಒಂದರಿಂದಲೂ ತಿಳಿಯಲಿಲ್ಲ. ಆರೇಳು ವರ್ಷ ಹೊಲದಲ್ಲಿ ನಿಂತು ಬೆಳೆದ ಗಿಡದಿಂದ ಬಂದದ್ದನ್ನು ಎರಡು ಸೆಕೆಂಡಿನಲ್ಲಿ ನುಂಗಿಬಿಡುವುದು ಆ ಗಿಡಕ್ಕೂ ನ್ಯಾಯವಲ್ಲ, ನಮ್ಮ ಹೊಟ್ಟೆಗೂ ಒಳ್ಳೆಯದಲ್ಲ. ಮನೆಯಲ್ಲಿ ನಾನು ಮಾಡಿ ನೋಡಿ ಸರಿ ಅನ್ನಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕರ್ನಾಟಕದ ನಿಯಮದ ಪ್ರಕಾರ 21 ತುಂಬಿದವರಿಗೆ ಮಾತ್ರ ಇದು. ಕುಡಿಯದವರು ಇದನ್ನು ಓದಿ ಶುರುಮಾಡುವ ಅಗತ್ಯವೂ ಇಲ್ಲ.

ಬಾಟಲಿ ಕೊಳ್ಳುವ ಮೊದಲು

ಟಕೀಲಾ ಮೆಕ್ಸಿಕೋದ ಹಾಲಿಸ್ಕೊ ರಾಜ್ಯದ ಒಂದು ಊರಿನ ಹೆಸರು. ಮೈಸೂರು ಮಲ್ಲಿಗೆಗೆ ಮೈಸೂರಿನ ಹಕ್ಕಿದ್ದಂತೆ ಈ ಹೆಸರಿನ ಹಕ್ಕು 1974ರಿಂದ ಮೆಕ್ಸಿಕೋಗೆ ಸೇರಿದ್ದು. ಹಾಲಿಸ್ಕೊ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಪ್ರದೇಶದಲ್ಲಿ, ನೀಲಿ ಅಗಾವೆ ಎಂಬ ಒಂದೇ ಜಾತಿಯ ಕತ್ತಾಳೆಯಿಂದ ಮಾಡಿದ್ದಕ್ಕೆ ಮಾತ್ರ ಟಕೀಲಾ ಎನ್ನಬಹುದು. ಆ ನೀಲಿ ಹೊಲಗಳ ಸೀಮೆಯನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಾಳೆ ಒಂದೇ ಸಲ ಗೊನೆ ಹಾಕುವಂತೆ ಕತ್ತಾಳೆ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಬದುವಿನಲ್ಲಿ ಕಂಬದಂತೆ ಏಳುವ ಹೂದಂಡು ನೀವು ನೋಡಿರುತ್ತೀರಿ. ಗಿಡ ವರ್ಷಗಟ್ಟಲೆ ಕೂಡಿಟ್ಟ ಸಕ್ಕರೆಯೆಲ್ಲ ಆ ದಂಡಿಗೆ ಹೋಗುತ್ತದೆ. ಅದಕ್ಕೇ ಅಲ್ಲಿನ ರೈತರು ದಂಡು ಏಳುತ್ತಿದ್ದಂತೆ ಕಡಿದುಹಾಕುತ್ತಾರೆ. ಸಕ್ಕರೆ ಬುಡದ ಗಡ್ಡೆಯಲ್ಲೇ ನಿಲ್ಲುತ್ತದೆ. ಪಟ್ಟೆಗಳನ್ನು ಸವರಿದ ಮೇಲೆ ಆ ಗಡ್ಡೆ ದೊಡ್ಡ ಅನಾನಸ್ ಹಣ್ಣಿನಂತೆ ಕಾಣುತ್ತದೆ, ಅದನ್ನು ಅನಾನಸ್ ಎಂದೇ ಕರೆಯುತ್ತಾರೆ. ಅದನ್ನು ಬೇಯಿಸಿ, ಹಿಂಡಿ, ರಸವನ್ನು ಹುಳಿಯಿಟ್ಟು, ಎರಡು ಸಲ ಬಟ್ಟಿ ಇಳಿಸುತ್ತಾರೆ.

ಲೇಬಲ್ಲಿನಲ್ಲಿ ಮೊದಲು ಹುಡುಕಬೇಕಾದದ್ದು '100% ಅಗಾವೆ' ಎಂಬ ಬರಹ. ಅದಿಲ್ಲದಿದ್ದರೆ ಅದು ಮಿಸ್ತೊ. ಅದರ ಸಕ್ಕರೆಯಲ್ಲಿ ಕನಿಷ್ಠ 51 ಪಾಲು ಕತ್ತಾಳೆಯದು, ಉಳಿದದ್ದು ಕಬ್ಬಿನಂಥ ಬೇರೆ ಮೂಲದ್ದು. ಹೊಂಬಣ್ಣದ ಅಗ್ಗದ 'ಗೋಲ್ಡ್' ಬಾಟಲಿಗಳು ಸಾಮಾನ್ಯವಾಗಿ ಈ ಬಗೆಯವು. ಬಣ್ಣ ಬಹಳ ಸಲ ಪೀಪಾಯಿಯಿಂದ ಬಂದದ್ದಲ್ಲ, ಕ್ಯಾರಮೆಲ್ ಹಾಕಿದ್ದು. ಬಣ್ಣಕ್ಕೆ ಮಾರುಹೋಗಬೇಡಿ.

ಆಮೇಲೆ ವಯಸ್ಸು ನೋಡಿ. ಬ್ಲಾಂಕೊ ಎಂದರೆ ಬಿಳಿ, ಬಟ್ಟಿ ಇಳಿಸಿದ ಹೊಸದು. ರೆಪೊಸಾಡೊ ಕನಿಷ್ಠ 2 ತಿಂಗಳು ಓಕ್ ಮರದ ಪಾತ್ರೆಯಲ್ಲಿ ಇದ್ದದ್ದು. ಅನ್ಯೇಹೊ ಕನಿಷ್ಠ 1 ವರ್ಷ, ಎಕ್ಸ್‌ಟ್ರಾ ಅನ್ಯೇಹೊ 3 ವರ್ಷ. ಮೊದಲ ಬಾಟಲಿಗೆ 100% ಅಗಾವೆಯ ಬ್ಲಾಂಕೊ ತನ್ನಿ. ಕತ್ತಾಳೆಯ ಹಸಿ ರುಚಿ ಸಿಗುವುದು ಅದರಲ್ಲೇ, ಬೆರೆಸಲಿಕ್ಕೂ ಅದೇ ಒಳ್ಳೆಯದು. ಅನ್ಯೇಹೊವನ್ನು ನಿಂಬೆರಸಕ್ಕೆ ಸುರಿದರೆ ಹಣವೂ ಹೋಯಿತು, ಮರದ ಘಮವೂ ಹೋಯಿತು.

ನಮ್ಮ ಕಡೆ ಎಲ್ಲ ವೈನ್ ಶಾಪಿನಲ್ಲೂ ಟಕೀಲಾ ಇಡುವುದಿಲ್ಲ. ಮೊದಲೇ ಫೋನ್ ಮಾಡಿ ಕೇಳಿ, ಇಲ್ಲವೇ ಬೆಂಗಳೂರಿಗೆ ಹೋದಾಗ ತನ್ನಿ. ಮುಚ್ಚಳದ ಮೇಲಿನ ಅಬಕಾರಿ ಲೇಬಲ್ ಹರಿದಿರಬಾರದು. ಹೊರದೇಶದಿಂದ ವಿಮಾನದಲ್ಲಿ ಬರುವವರು ಸುಂಕವಿಲ್ಲದೆ 2 ಲೀಟರ್‌ವರೆಗೆ ಮದ್ಯ ತರಬಹುದು. ನಮ್ಮ ಮನೆಗೆ ಬಂದ ಮೊದಲ ಒಳ್ಳೆಯ ಬಾಟಲಿ ಹಾಗೆ ಬಂದದ್ದೇ. ಬಾಟಲಿಯೊಳಗೆ ಹುಳ ಇರಬೇಕು ಎಂಬ ಮಾತು ಸುಳ್ಳು. ಹುಳ ಹಾಕುವುದು ಟಕೀಲಾದ ದಾಯಾದಿ ಮೆಸ್ಕಾಲ್‌ನ ಕೆಲವು ಬಾಟಲಿಗಳಿಗೆ ಮಾತ್ರ.

ಬರಿದೇ ಕುಡಿಯುವಾಗ

ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದರೆ ವಾಸನೆ ಮುದುಡಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಮಾತ್ರ, ಬಾಟಲಿಯೇ ಬಿಸಿಯಾಗಿರುತ್ತದೆ, ಹತ್ತು ನಿಮಿಷ ತಣ್ಣೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ.

ಬಾಯಿ ಕಿರಿದಾದ ಸಣ್ಣ ಗಾಜಿನ ಲೋಟಕ್ಕೆ 30 ಎಂಎಲ್, ಅಂದರೆ ಒಂದು ಸಣ್ಣ ಪೆಗ್ ಹಾಕಿ. ಮೂಗನ್ನು ಲೋಟದೊಳಗೆ ತೂರಿಸಿದರೆ ಸ್ಪಿರಿಟ್ ಮಾತ್ರ ಹೊಡೆಯುತ್ತದೆ. ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು ಉಸಿರೆಳೆಯಿರಿ. ಬ್ಲಾಂಕೊದಲ್ಲಿ ಹಸಿ ಸೊಪ್ಪು, ಕಾಳುಮೆಣಸು, ನಿಂಬೆ ಸಿಪ್ಪೆ, ಸುಟ್ಟ ಗೆಣಸಿನ ಸಿಹಿ ಸಿಗಬಹುದು. ರೆಪೊಸಾಡೊದಲ್ಲಿ ಜೇನು, ಸ್ವಲ್ಪ ಮರ.

ಮೊದಲ ಗುಟುಕು ನಾಲಿಗೆ ಒದ್ದೆಯಾಗುವಷ್ಟೇ ಇರಲಿ. ಅದು ಬಾಯಿಯನ್ನು ಹದಗೊಳಿಸಲಿಕ್ಕೆ, ರುಚಿ ನೋಡಲಿಕ್ಕಲ್ಲ. ಎರಡನೆಯದನ್ನು ನಾಲಿಗೆಯ ಮೇಲೆ ಹೊರಳಿಸಿ ನುಂಗಿ, ಮೂಗಿನಿಂದ ಉಸಿರು ಬಿಡಿ. ಕತ್ತಾಳೆ ಅಲ್ಲಿ ಸಿಗುತ್ತದೆ. ಗಂಟಲು ಉರಿದರೆ ನಾಲ್ಕು ಹನಿ ನೀರು ಸೇರಿಸಿ, ತಪ್ಪೇನಿಲ್ಲ. 30 ಎಂಎಲ್‌ಗೆ ಅರ್ಧ ಗಂಟೆ ಕೊಡಿ. ಪಕ್ಕದಲ್ಲಿ ಒಂದು ದೊಡ್ಡ ಲೋಟ ನೀರು ಇದ್ದೇ ಇರಬೇಕು.

ಉಪ್ಪು-ನಿಂಬೆಯ ಆಟ ಬೇಡವೇ? ಮಿಸ್ತೊ ಕೈಯಲ್ಲಿದ್ದರೆ ಅದಕ್ಕೂ ಜಾಗವಿದೆ. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಹುಳಿ ಉರಿಯನ್ನು ತೊಳೆಯುತ್ತದೆ. ಹೆಬ್ಬೆರಳು-ತೋರುಬೆರಳಿನ ನಡುವಿನ ಜಾಗವನ್ನು ಒದ್ದೆ ಮಾಡಿ ಚಿಟಿಕೆ ಉಪ್ಪು ಹಾಕಿಕೊಂಡು, ಮೊದಲು ಉಪ್ಪು, ಆಮೇಲೆ ಟಕೀಲಾ, ಕೊನೆಗೆ ನಿಂಬೆ. ಆದರೆ ಒಳ್ಳೆಯ ಬಾಟಲಿಗೆ ಹೀಗೆ ಮಾಡುವುದೆಂದರೆ ಒಳ್ಳೆಯ ಬೆಣ್ಣೆ ದೋಸೆಯ ಮೇಲೆ ಸಾಸ್ ಸುರಿದ ಹಾಗೆ.

ಹಾಲಿಸ್ಕೊದವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಟಕೀಲಾದ ಪಕ್ಕದಲ್ಲಿ ಸಂಗ್ರಿತಾ ಎಂಬ ಕೆಂಪು ರಸದ ಲೋಟ ಇಟ್ಟುಕೊಂಡು, ಅದರಿಂದ ಒಂದು ಗುಟುಕು ಇದರಿಂದ ಒಂದು ಗುಟುಕು ಕುಡಿಯುತ್ತಾರೆ. ನಾಲ್ಕು ಜನಕ್ಕೆ ಹೀಗೆ ಮಾಡಿ: ಎರಡು ಹಣ್ಣಾದ ನಾಟಿ ಟೊಮೆಟೊ ರುಬ್ಬಿ ಸೋಸಿ. ಅದಕ್ಕೆ ಒಂದು ಕಿತ್ತಳೆಯ ರಸ, ಎರಡು ನಿಂಬೆಯ ರಸ, ಅರ್ಧ ಟೀ ಚಮಚ ಬ್ಯಾಡಗಿ ಮೆಣಸಿನಪುಡಿ, ಚಿಟಿಕೆ ಉಪ್ಪು ಹಾಕಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ಇದಕ್ಕೆ ಹೇಳಿ ಮಾಡಿಸಿದ್ದು. ಮೂರನೆಯ ಲೋಟದಲ್ಲಿ ಬರೀ ನಿಂಬೆರಸ ಇಟ್ಟರೆ ಹಸಿರು, ಬಿಳಿ, ಕೆಂಪು ಸೇರಿ ಮೆಕ್ಸಿಕೋ ಧ್ವಜದ ಬಣ್ಣವಾಗುತ್ತದೆ. ಇದನ್ನು ಅಲ್ಲಿ ಬಂದೇರಾ, ಅಂದರೆ ಬಾವುಟ ಎನ್ನುತ್ತಾರೆ. ಟಕೀಲಾ ಕುಡಿಯದ ನನ್ನ ಅತ್ತಿಗೆ ಸಂಗ್ರಿತಾವನ್ನು ಮಾತ್ರ ಎರಡು ಲೋಟ ಕುಡಿದರು.

ಬೆರೆಸಲು ಬೇಕಾಗುವ ಸಾಮಾನು

ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಅಗಲ ಬಾಯಿಯ ಸ್ಟೀಲ್ ಡಬ್ಬಿ ಸಾಕು. ಸೋಸಲು ಚಹಾ ಜರಡಿ. ಅಳತೆಗೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳ. ಅಂದಾಜಿನಲ್ಲಿ ಸುರಿಯಬೇಡಿ, 5 ಎಂಎಲ್ ನಿಂಬೆರಸ ಹೆಚ್ಚಾದರೂ ಸಮತೋಲ ಕೆಡುತ್ತದೆ.

ಐಸ್ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕುದಿಸಿ ಆರಿಸಿದ ನೀರನ್ನು ಹಿಂದಿನ ದಿನವೇ ಟ್ರೇಗೆ ಹಾಕಿ, ಮೀನು-ಮಾಂಸ ಇಟ್ಟ ಫ್ರೀಜರ್ ಆಗಿದ್ದರೆ ಮುಚ್ಚಿಡಿ. ಮೀನಿನ ಅಂಗಡಿಗೆ ಹೋಗುವ ಐಸ್‌ಗಡ್ಡೆಯನ್ನು ಲೋಟಕ್ಕೆ ಹಾಕಲೇಬಾರದು.

ನಿಂಬೆಯ ವಿಷಯದಲ್ಲಿ ನಾವು ಪುಣ್ಯವಂತರು. ನಮ್ಮ ತೆಳು ಸಿಪ್ಪೆಯ ಸಣ್ಣ ನಿಂಬೆ, ವಿಜಯಪುರದ ಇಂಡಿ ಕಡೆಯಿಂದ ಬರುವಂಥದ್ದು, ಮೆಕ್ಸಿಕೋದವರು ಲಿಮೋನ್ ಎನ್ನುವ ಅದೇ ಹಣ್ಣು. ಯುರೋಪಿನವರು ಹುಡುಕಿ ಕೊಳ್ಳಬೇಕಾದದ್ದು ನಮ್ಮ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಅಂಗೈಯಲ್ಲಿ ಹೊರಳಿಸಿ, ಅಡ್ಡ ಕೊಯ್ದು, ಹದವಾಗಿ ಹಿಂಡಿ. ಜಿದ್ದಿಗೆ ಬಿದ್ದು ಹಿಂಡಿದರೆ ಸಿಪ್ಪೆಯ ಕಹಿ ಇಳಿಯುತ್ತದೆ. ಹಿಂಡಿದ ರಸ ಅಂದೇ ಮುಗಿಯಬೇಕು. ಬಾಟಲಿಯಲ್ಲಿ ಮಾರುವ ನಿಂಬೆರಸ ಇದಕ್ಕೆ ಆಗುವುದಿಲ್ಲ.

ಮಾರ್ಗರಿಟಾ, ಬೆಲ್ಲದ ಪಾಕದಲ್ಲಿ

ಮಾರ್ಗರಿಟಾ ಎಂದರೆ ಟಕೀಲಾಕ್ಕೆ ನಿಂಬೆರಸ, ಸಿಹಿ ಬೆರೆಸಿದ ಪಾನೀಯ. ಅದಕ್ಕೆ ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ಅಳತೆ 50 ಎಂಎಲ್ ಟಕೀಲಾ, 20 ಎಂಎಲ್ ಟ್ರಿಪಲ್ ಸೆಕ್ ಎಂಬ ಕಿತ್ತಳೆಯ ಮದ್ಯ, 15 ಎಂಎಲ್ ನಿಂಬೆರಸ. ಟ್ರಿಪಲ್ ಸೆಕ್ ನಮ್ಮೂರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ಬೇಸರಪಡಬೇಕಿಲ್ಲ. 1990ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೂಲಿಯೊ ಬರ್ಮೇಹೊ ಎಂಬುವರು ತಮ್ಮ ಮನೆತನದ ಟಾಮಿಸ್ ಹೋಟೆಲಿನಲ್ಲಿ ಕಿತ್ತಳೆ ಮದ್ಯವನ್ನು ಕೈಬಿಟ್ಟು ಕತ್ತಾಳೆಯ ಸಿಹಿ ಪಾಕ ಹಾಕಿದರು. ಟಕೀಲಾದ ರುಚಿ ಮುಚ್ಚಿಹೋಗದೆ ಮೇಲೆ ಬಂತು. ನಾನು ಆ ದಾರಿ ಹಿಡಿದು, ಕತ್ತಾಳೆ ಪಾಕದ ಜಾಗದಲ್ಲಿ ಬೆಲ್ಲ ಇಟ್ಟಿದ್ದೇನೆ. ಬೇಯಿಸಿದ ಕತ್ತಾಳೆಯ ಸಿಹಿಗೂ ಬೆಲ್ಲದ ಸಿಹಿಗೂ ಒಳ್ಳೆಯ ಹೊಂದಿಕೆ ಇದೆ. ಸಕ್ಕರೆ ಹಾಕಿದರೆ ಸಿಹಿ ಮಾತ್ರ ಬರುತ್ತದೆ, ಆಳ ಬರುವುದಿಲ್ಲ.

ಮೊದಲು ಪಾಕ. ಒಂದು ಲೋಟ ಪುಡಿ ಬೆಲ್ಲಕ್ಕೆ ಒಂದು ಲೋಟ ಬಿಸಿ ನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ. ಕುದಿಸಿ ಎಳೆಪಾಕ ಮಾಡಬೇಡಿ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಕಪ್ಪು ಬೆಲ್ಲಕ್ಕಿಂತ ತಿಳಿಬಣ್ಣದ್ದು ಒಳ್ಳೆಯದು.

ಲೋಟವನ್ನು ಹದಿನೈದು ನಿಮಿಷ ಫ್ರೀಜರಿನಲ್ಲಿಡಿ. ಅಷ್ಟರಲ್ಲಿ ಕಲ್ಲುಪ್ಪನ್ನು ಕುಟ್ಟಾಣಿಯಲ್ಲಿ ರವೆಯಷ್ಟು ದಪ್ಪಗೆ ಕುಟ್ಟಿ ತಟ್ಟೆಯಲ್ಲಿ ಹರಡಿ. ಪ್ಯಾಕೆಟ್ಟಿನ ನುಣ್ಣನೆ ಉಪ್ಪು ಅಂಚಿಗೆ ಮೆತ್ತಿಕೊಂಡು ಬಾಯಿ ಕೆಡಿಸುತ್ತದೆ. ಲೋಟದ ಅಂಚಿನ ಹೊರಮೈಗೆ, ಅರ್ಧ ಸುತ್ತಿಗೆ ಮಾತ್ರ, ನಿಂಬೆ ಹೋಳು ಸವರಿ ಉಪ್ಪಿನ ಮೇಲೆ ಹೊರಳಿಸಿ. ಇನ್ನರ್ಧ ಬರಿದಾಗಿರಲಿ. ಪ್ರತಿ ಗುಟುಕಿಗೆ ಉಪ್ಪು ಬೇಕೋ ಬೇಡವೋ ಎಂದು ಕುಡಿಯುವವರೇ ಆರಿಸಿಕೊಳ್ಳುತ್ತಾರೆ.

ಡಬ್ಬಿಗೆ 45 ಎಂಎಲ್ ಬ್ಲಾಂಕೊ, 20 ಎಂಎಲ್ ನಿಂಬೆರಸ, 20 ಎಂಎಲ್ ಬೆಲ್ಲದ ಪಾಕ ಹಾಕಿ. ಮುಕ್ಕಾಲು ತುಂಬುವಷ್ಟು ಐಸ್ ಹಾಕಿ. ಐಸ್‌ನಲ್ಲಿ ಕಂಜೂಸಿ ಮಾಡಿದರೆ ಅದು ಬೇಗ ಕರಗಿ ನೀರು ನೀರಾಗುತ್ತದೆ. ಮುಚ್ಚಳ ಬಿಗಿದು, ಬಟ್ಟೆ ಸುತ್ತಿ, ಹನ್ನೆರಡರಿಂದ ಹದಿನೈದು ಸೆಕೆಂಡು ಜೋರಾಗಿ ಅಲ್ಲಾಡಿಸಿ. ಬರಿಗೈಯಲ್ಲಿ ಮುಟ್ಟಲಾಗದಷ್ಟು ಸ್ಟೀಲ್ ತಣ್ಣಗಾದರೆ ಆಯಿತು ಎಂದರ್ಥ. ತಣ್ಣಗೆ ಮಾಡುವುದಷ್ಟೇ ಅಲ್ಲ, ಒಂದಿಷ್ಟು ಐಸ್ ಕರಗಿ ಮದ್ಯದ ಗಡಸು ಮುರಿಯುವುದೂ ಈ ಅಲ್ಲಾಡಿಸುವಿಕೆಯಲ್ಲೇ. ಲೋಟಕ್ಕೆ ಸೋಸಿ, ಹೊಸ ಐಸ್ ಎರಡು ತುಂಡು ಹಾಕಿ. ರುಚಿ ನೋಡಿ: ಮೊದಲು ಹುಳಿ, ಹಿಂದೆಯೇ ಸಿಹಿ, ಕೊನೆಗೆ ಕತ್ತಾಳೆ ಬರಬೇಕು. ಸಿಹಿ ಮುಂದೆ ನಿಂತರೆ ಮುಂದಿನ ಸಲ ಪಾಕ 15ಕ್ಕೆ ಇಳಿಸಿ.

ಖಾರ ಬೇಕೆನ್ನುವವರು ಒಂದು ಹಸಿಮೆಣಸಿನಕಾಯಿ ಸೀಳಿ ಬೀಜ ತೆಗೆದು 45 ಎಂಎಲ್ ಟಕೀಲಾದಲ್ಲಿ ಐದೇ ನಿಮಿಷ ನೆನೆಸಿ ತೆಗೆಯಿರಿ. ಮೆಕ್ಸಿಕೋದ ಹಲಪೆನ್ಯೊಗಿಂತ ನಮ್ಮ ಮೆಣಸಿನಕಾಯಿ ಬಹಳ ಖಾರ, ಬಾಟಲಿಗೇ ಹಾಕಿ ರಾತ್ರಿಯಿಡೀ ಬಿಟ್ಟರೆ ಯಾರೂ ಕುಡಿಯಲಾರರು. ಹುಣಸೆ ಹಾಕಿದ ಮಾರ್ಗರಿಟಾ ಮೆಕ್ಸಿಕೋದಲ್ಲೇ ಪ್ರಸಿದ್ಧ. ನಿಂಬೆರಸ 10ಕ್ಕೆ ಇಳಿಸಿ, ಗಟ್ಟಿಯಾಗಿ ಕಿವುಚಿ ಸೋಸಿದ ಹುಣಸೆರಸ ಒಂದು ದೊಡ್ಡ ಚಮಚ ಸೇರಿಸಿ. ಅಂಚಿನ ಉಪ್ಪಿಗೆ ಸ್ವಲ್ಪ ಬ್ಯಾಡಗಿ ಪುಡಿ ಬೆರೆಸಿ.

ಚಕ್ಕೋತದ ಪಲೋಮಾ

ಮೆಕ್ಸಿಕೋದ ಮನೆಗಳಲ್ಲಿ ಮಾರ್ಗರಿಟಾಕ್ಕಿಂತ ಹೆಚ್ಚು ಸಲೀಸಾಗಿ ಮಾಡುವುದು ಪಲೋಮಾ, ಅಂದರೆ ಪಾರಿವಾಳ. ಟಕೀಲಾ, ನಿಂಬೆ, ಚಿಟಿಕೆ ಉಪ್ಪು, ಮೇಲೆ ಗ್ರೇಪ್‌ಫ್ರೂಟ್ ಸೋಡಾ. ಆ ಸೋಡಾ ನಮ್ಮೂರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಗ್ರೇಪ್‌ಫ್ರೂಟ್ ಎಂಬುದೇ ಚಕ್ಕೋತ ಮತ್ತು ಸಿಹಿ ಕಿತ್ತಳೆ ಕೂಡಿ ಕೆರಿಬಿಯನ್ ದ್ವೀಪಗಳಲ್ಲಿ 18ನೇ ಶತಮಾನದ ಹೊತ್ತಿಗೆ ಹುಟ್ಟಿದ ಹಣ್ಣು. ಹಾಗಾಗಿ ಮಗುವಿನ ಬದಲು ತಾಯಿಯನ್ನೇ ಕರೆದರಾಯಿತು. ದೇವನಹಳ್ಳಿಯ ಚಕ್ಕೋತ ಸಿಕ್ಕರೆ ಬಿಡಬೇಡಿ.

ತೊಳೆಯ ಮೇಲಿನ ಬಿಳಿ ಸಿಪ್ಪೆಯನ್ನು ಪೂರ್ತಿ ಸುಲಿಯಿರಿ, ಕಹಿ ಇರುವುದು ಅದರಲ್ಲಿ. ಎಸಳುಗಳನ್ನು ಕೈಯಿಂದ ಹಿಸುಕಿ ಸೋಸಿ. ಮಿಕ್ಸಿಗೆ ಹಾಕಬೇಡಿ. ಉದ್ದನೆ ಲೋಟದ ತುಂಬ ಐಸ್ ಹಾಕಿ, 45 ಎಂಎಲ್ ಟಕೀಲಾ, 60 ಎಂಎಲ್ ಚಕ್ಕೋತದ ರಸ, 10 ಎಂಎಲ್ ನಿಂಬೆರಸ, 10 ಎಂಎಲ್ ಸಕ್ಕರೆ ಪಾಕ, ಚಿಟಿಕೆ ಉಪ್ಪು ಹಾಕಿ ಕಲಕಿ. ಕೊನೆಯಲ್ಲಿ ತಣ್ಣನೆ ಸೋಡಾ 60 ಎಂಎಲ್ ನಿಧಾನಕ್ಕೆ ಸುರಿದು, ಒಂದೇ ಸಲ ಕೆಳಗಿನಿಂದ ಮೇಲಕ್ಕೆ ತಿರುವಿ. ಹೆಚ್ಚು ಕಲಕಿದರೆ ಗ್ಯಾಸ್ ಹೋಗುತ್ತದೆ. ಬಿಸಿಲು ಇಳಿದ ಮೇಲೆ ಮಾಳಿಗೆಯಲ್ಲಿ ಕೂತು ಕುಡಿಯಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮೋಸಂಬಿಯಲ್ಲೂ ಆಗುತ್ತದೆ, ಆದರೆ ಆಗ ಪಾಕ ಬೇಡ.

ಒಂದು ಎಚ್ಚರಿಕೆ: ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ ಎರಡೂ ಕೆಲವು ಬಿಪಿ ಮತ್ತು ಕೊಲೆಸ್ಟ್ರಾಲ್ ಮಾತ್ರೆಗಳು ದೇಹದಲ್ಲಿ ಕರಗುವುದನ್ನು ತಡೆದು ಅವುಗಳ ಪ್ರಭಾವ ಹೆಚ್ಚಿಸಬಲ್ಲವು. ದಿನವೂ ಮಾತ್ರೆ ನುಂಗುವವರು ಮೊದಲು ಡಾಕ್ಟರನ್ನು ಕೇಳಿ. ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮದ್ಯದ ಬಗ್ಗೆಯೇ ಕೇಳಬೇಕು.

ಟಕೀಲಾ ಸನ್‌ರೈಸ್ ನೋಡಲು ಚೆಂದ, ಮಾಡಲು ಸುಲಭ. ಐಸ್ ತುಂಬಿದ ಲೋಟಕ್ಕೆ 45 ಎಂಎಲ್ ಟಕೀಲಾ, 90 ಎಂಎಲ್ ಕಿತ್ತಳೆ ರಸ, ಮೇಲಿಂದ 15 ಎಂಎಲ್ ಗ್ರೆನಡೀನ್ ಚಮಚದ ಬೆನ್ನಿನ ಮೇಲೆ ಸುರಿದರೆ ಕೆಂಪು ತಳಕ್ಕಿಳಿದು ಮೇಲಕ್ಕೆ ಹರಡುತ್ತದೆ. ಗ್ರೆನಡೀನ್ ಎಂದರೆ ದಾಳಿಂಬೆಯ ಪಾಕ. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಇರುವಾಗ ಬಣ್ಣ ಹಾಕಿದ ಬಾಟಲಿ ಯಾಕೆ? ಒಂದು ಲೋಟ ದಾಳಿಂಬೆ ರಸಕ್ಕೆ ಒಂದು ಲೋಟ ಸಕ್ಕರೆ, ಸಣ್ಣ ಉರಿಯಲ್ಲಿ ಕರಗುವಷ್ಟು ಬಿಸಿ ಮಾಡಿ ಇಳಿಸಿದರಾಯಿತು. ಇದು ಸಿಹಿ ಪಾನೀಯ, ಒಂದರ ಮೇಲೆ ನನಗೆ ಸೇರುವುದಿಲ್ಲ.

ಜೊತೆಗೆ ತಿನ್ನಲು, ಮತ್ತು ಲೆಕ್ಕ

ಬರಿ ಹೊಟ್ಟೆಯಲ್ಲಿ ಕುಡಿಯಬೇಡಿ. ಮಂಡಕ್ಕಿ-ಮೆಣಸಿನಕಾಯಿಯ ಊರಿನವರಿಗೆ ಜೊತೆಗೇನು ತಿನ್ನಬೇಕೆಂದು ಹೇಳಬೇಕಿಲ್ಲ. ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಮಾರ್ಗರಿಟಾದ ಹುಳಿಗೆ ಬಹಳ ಚೆನ್ನಾಗಿ ಕೂಡುತ್ತವೆ. ಮೆಣಸಿನಕಾಯಿಯೂ ಟೊಮೆಟೊವೂ ಕತ್ತಾಳೆಯೂ ಅಮೆರಿಕ ಖಂಡದಿಂದ ಬಂದವೇ. ಶೇಂಗಾ ಕೂಡ. ಉಪ್ಪು ತೀರಾ ಹೆಚ್ಚಿದ್ದರೆ ದಾಹವಾಗಿ ಕುಡಿತದ ವೇಗ ಏರುತ್ತದೆ, ಅದಕ್ಕೆ ಸೌತೆಕಾಯಿ ಹೋಳು ಇಟ್ಟುಕೊಳ್ಳಿ.

40 ಪ್ರತಿಶತದ ಟಕೀಲಾ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಅದನ್ನು ಕರಗಿಸಲು ಯಕೃತ್ತಿಗೆ ಒಂದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಬೇಕು. 45 ಎಂಎಲ್‌ನ ಒಂದು ಮಾರ್ಗರಿಟಾ ಎಂದರೆ ಒಂದೂವರೆ ಗಂಟೆಯ ಕೆಲಸ. ಸಿಹಿ-ಹುಳಿಯಲ್ಲಿ ಮದ್ಯ ಅಡಗಿರುವುದರಿಂದ ಎರಡನೆಯದು ತಿಳಿಯದೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಎರಡೇ, ನಡುವೆ ಒಂದು ಲೋಟ ನೀರು, ಆಮೇಲೆ ಊಟ. ಸ್ನಾನ, ಕಾಫಿ, ಮಜ್ಜಿಗೆ ಯಾವುದೂ ರಕ್ತದಲ್ಲಿರುವುದನ್ನು ಬೇಗ ಇಳಿಸುವುದಿಲ್ಲ. ಬಂದವರು ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಗಾಡಿ ಓಡಿಸಿಕೊಂಡು ಹೋಗುವವರಾದರೆ ಅವರಿಗೆ ಸಂಗ್ರಿತಾ ಮಾತ್ರ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಉಳಿಯುವವರಿಗೆ ಹಾಸಿಗೆ ಮೊದಲೇ ಹಾಸಿಡಿ.

ಮಿಕ್ಕ ಬಾಟಲಿಯನ್ನು ಮುಚ್ಚಳ ಬಿಗಿದು, ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಅರ್ಧಕ್ಕಿಂತ ಕೆಳಗಿಳಿದ ಮೇಲೆ ಗಾಳಿಯಿಂದ ಘಮ ತೆಳುವಾಗುತ್ತದೆ, ಆರು ತಿಂಗಳೊಳಗೆ ಮುಗಿಸಿ.

ಮಾವ ಹೊರಡುವಾಗ ಕೇಳಿದರು, "ಅಲ್ಲೋ, ನಮ್ ಬೇಲೀಲಿ ಇರೋದರಿಂದ ಮಾಡಕ್ಕಾಗಲ್ವಾ?" ಮನೆಯಲ್ಲಿ ಆಗುವುದಿಲ್ಲ, ಆಗಬಾರದು ಕೂಡ. ಪರವಾನಗಿಯಿಲ್ಲದೆ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಇಂಥ ಮದ್ಯದಲ್ಲಿ ಮೆಥನಾಲ್ ಎಂಬ ವಿಷ ಸೇರಿಕೊಂಡರೆ ಕಣ್ಣು ತೆಗೆಯುತ್ತದೆ, ಜೀವವನ್ನೂ. ಹಸಿ ಕತ್ತಾಳೆಯ ರಸ ಮೈಗೆ ತಗುಲಿದರೂ ತುರಿಕೆ ಏಳುತ್ತದೆ, ಅದು ಮಾವನಿಗೇ ಚೆನ್ನಾಗಿ ಗೊತ್ತು. ಆದರೆ ಅವರ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ನಮ್ಮ ದಖನ್ ಪ್ರಸ್ಥಭೂಮಿಯಲ್ಲಿ ಬೆಳೆಯುವ ಕತ್ತಾಳೆಯಿಂದಲೇ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಪರವಾನಗಿ ಪಡೆದು ಬಟ್ಟಿ ಇಳಿಸಿದ ಮದ್ಯ 'ಡೆಸ್ಮಂಡ್‌ಜಿ' ಹೆಸರಿನಲ್ಲಿ ಬಂದಿದೆ. ಅದಕ್ಕೆ ಟಕೀಲಾ ಎನ್ನುವ ಹಕ್ಕಿಲ್ಲ, ಕತ್ತಾಳೆಯ ಮದ್ಯ ಎನ್ನಬಹುದು. ಒಂದು ಬಾಟಲಿ ತರಿಸಿ ಎತ್ತಿಟ್ಟಿದ್ದೇನೆ. ಯುಗಾದಿಗೆ ಮಾವ ಬಂದಾಗ ಮೊದಲು 30 ಎಂಎಲ್ ಬರಿದೇ ಕೊಟ್ಟು, ಅವರು ಮೂಸಿ ಏನನ್ನುತ್ತಾರೆ ನೋಡಬೇಕು.